ಸಿಪ್ಪೆ ಮಾತು

ಬೆಟ್ಟಗಳ ಮೇಲಿನ ನಲವತ್ತೊಂದು ಕಾವಲು ಗೋಪುರಗಳಿಂದ ದಿನಾ ಸಂಜೆ ನಾಲ್ಕು ಗಂಟೆಗೆ ಬರುವ ಕರೆಗಳನ್ನು ಇಪ್ಪತ್ತೆರಡು ವರ್ಷ ಒಬ್ಬನೇ ಮನುಷ್ಯ ಕೇಳಿಸಿಕೊಂಡಿದ್ದ. ಅವನ ಹೆಸರು ಅಂತೋಣಪ್ಪ. ಕಾಳ್ಗಿಚ್ಚು ನಿಯಂತ್ರಣ ಕೊಠಡಿಯ ಮೂಲೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎದುರಿಗೆ ದಪ್ಪ ರಿಜಿಸ್ಟರು ಹರವಿಕೊಂಡು ಕೂತಿರುತ್ತಿದ್ದ. ಬೇಸಿಗೆಯ ಐದು ತಿಂಗಳು ಗೋಪುರದಲ್ಲಿ ಒಬ್ಬರೇ ಇರುವ ಕಾವಲುಗಾರರು ದೂರದಲ್ಲಿ ಹೊಗೆ ಕಂಡರೆ ಕಂಡಿದೆ ಎನ್ನಬೇಕು, ಕಾಣದಿದ್ದರೆ ಇಲ್ಲ ಎನ್ನಬೇಕು. ಕೆಲಸ ಇಷ್ಟೇ. ಆದರೆ ಇಡೀ ದಿನ ಮನುಷ್ಯರ ಮುಖ ನೋಡದವರು ಅಷ್ಟಕ್ಕೇ ಫೋನು ಇಡುತ್ತಾರೆಯೇ? ಅಂತೋಣಪ್ಪನೂ ಇಡಿ ಎಂದವನಲ್ಲ. ನಲವತ್ತೊಂದು ಕರೆ ಮುಗಿಯುವಾಗ ಆರು ಗಂಟೆ ದಾಟಿರುತ್ತಿತ್ತು.

ಹೋದ ವರ್ಷ ಮಾರ್ಚಿನಲ್ಲಿ ಅನಾಹುತವಾಯಿತು. ಒಬ್ಬ ಕಾವಲುಗಾರ ತಂಗಿಯ ಮದುವೆಯ ಊಟವನ್ನು ಬಣ್ಣಿಸುತ್ತಿದ್ದಾಗ ಇನ್ನೊಂದು ಗೋಪುರದ "ಹೊಗೆ ಕಾಣ್ತಿದೆ" ಎಂಬ ಕರೆ ಹದಿನೆಂಟು ನಿಮಿಷ ಸಾಲಿನಲ್ಲಿ ಕಾದಿತ್ತು. ಆ ಹದಿನೆಂಟು ನಿಮಿಷದಲ್ಲಿ ಒಂದು ಕಣಿವೆಯ ಬಿದಿರೆಲ್ಲ ಬೂದಿಯಾಯಿತು. ಅದಾದ ಮೇಲೆ ನಿಯಂತ್ರಣ ಕೊಠಡಿಗೆ ಹೊಸ ವಾಯ್ಸ್‌ಮೇಲ್ ವ್ಯವಸ್ಥೆ ಹಾಕುವುದೆಂದು ತೀರ್ಮಾನವಾಗಿ, ಹೇಮಾವತಿ ಬಂದಳು.

ಹೇಮಾವತಿಗೆ ನಲವತ್ತಾರು. ದಾವಣಗೆರೆಯವಳು, ಮದುವೆಯಾಗಿರಲಿಲ್ಲ. ಧ್ವನಿಯನ್ನು ಅರ್ಥ ಮಾಡಿಕೊಳ್ಳುವ ಯಂತ್ರಗಳ ಬಗ್ಗೆ ಹದಿನೈದು ವರ್ಷ ಕೆಲಸ ಮಾಡಿದ್ದಳು. ಅವಳು ಕಟ್ಟಿದ ವ್ಯವಸ್ಥೆಗೆ ಕಾಗದದ ಮೇಲೆ ಉದ್ದನೆಯ ಹೆಸರೊಂದಿತ್ತು; ಕಚೇರಿಯಲ್ಲಿ ಎಲ್ಲರೂ ಅದನ್ನು ತಿರುಳುಪೆಟ್ಟಿಗೆ ಎಂದೇ ಕರೆದರು. ಪ್ರತಿ ಗೋಪುರಕ್ಕೂ ಒಂದೊಂದು ಪೆಟ್ಟಿಗೆ, ಒಂದೊಂದು ನಂಬರು. ನಲವತ್ತೊಂದು ಜನ ಒಟ್ಟಿಗೇ ಕರೆ ಮಾಡಿದರೂ ಯಾರೂ ಕಾಯಬೇಕಾಗಿಲ್ಲ. ಕಾವಲುಗಾರ ಎಷ್ಟೇ ಮಾತಾಡಲಿ, ಯಂತ್ರ ಅದರೊಳಗಿಂದ ಬೇಕಾದ್ದನ್ನು ಮಾತ್ರ ಹೆಕ್ಕುತ್ತಿತ್ತು: ಹೊಗೆ, ದಿಕ್ಕು, ಗಾಳಿ, ಗಾಯ, ನೀರಿನ ಕೊರತೆ. ಹೆಕ್ಕಿದ್ದು ಒಂಬತ್ತು ಸೆಕೆಂಡಿನೊಳಗೆ ಗೋಡೆಯ ಮೇಲಿನ ನಕ್ಷೆಯಲ್ಲಿ ಮೂಡುತ್ತಿತ್ತು. ಕೊನೆಗೆ ಯಂತ್ರ ತಾನು ಹಿಡಿದುಕೊಂಡದ್ದನ್ನು ಕರೆ ಮಾಡಿದವರಿಗೇ ಓದಿ ಹೇಳುತ್ತಿತ್ತು: "ಬರೆದುಕೊಂಡದ್ದು: ಹೊಗೆ ಇಲ್ಲ." ಉಳಿದ ಮಾತೆಲ್ಲ ಬೇರೊಂದು ಕಡತಕ್ಕೆ ಹೋಗಿ, ಮೂವತ್ತು ದಿನ ಬಿದ್ದಿದ್ದು, ತಾನೇ ಅಳಿಸಿಹೋಗುತ್ತಿತ್ತು. ಅದಕ್ಕೆ ಕಚೇರಿಯವರು ಇಟ್ಟ ಹೆಸರು ಸಿಪ್ಪೆ.

ಕರೆ ಬಂದ ಕೂಡಲೇ ಕೇಳಿಸಬೇಕಾದ ಸ್ವಾಗತದ ಮಾತನ್ನು ಯಾರ ಧ್ವನಿಯಲ್ಲಿ ತುಂಬಿಸುವುದು ಎಂಬ ಪ್ರಶ್ನೆ ಬಂದಾಗ ಹೇಮಾವತಿಯೇ ಅಂತೋಣಪ್ಪನನ್ನು ಕೇಳಿದಳು. ಕಾವಲುಗಾರರಿಗೆ ಅಭ್ಯಾಸವಿದ್ದ ಧ್ವನಿ ಅದೊಂದೇ.

"ಎದುರಿಗೆ ಯಾರೂ ಇಲ್ದೆ ಹೆಂಗೆ ಮೇಡಂ ಮಾತಾಡೋದು?" ಎಂದು ಅವನು ನಾಚಿಕೊಂಡ. ಐದು ಸಲ ತಪ್ಪಿದ. ಆರನೆಯ ಸಲ ಸರಿಯಾಗಿ ಬಂತು: "ನಮಸ್ಕಾರ, ಕಂಟ್ರೋಲ್ ರೂಮು. ಅಂತೋಣಪ್ಪ. ಹೇಳಿ." ಕೊನೆಯ 'ಹೇಳಿ' ಸ್ವಲ್ಪ ಕೆರೆದುಕೊಂಡು ಬಂದಿತ್ತು. ಅವಳಿಗೆ ಅದು ಗಂಟಲಿನ ಧೂಳು ಅನ್ನಿಸಿತು. ಹಾಗೇ ಇರಲಿ, ಸಹಜವಾಗಿದೆ, ಎಂದಳು.

ಫೆಬ್ರವರಿಯಲ್ಲಿ ಅಂತೋಣಪ್ಪ ರಜೆ ಹಾಕಿದ. ಏನೋ ಆಪರೇಷನ್ನಂತೆ ಎಂದರು. ಮತ್ತೆ ಅವನು ಕೆಲಸಕ್ಕೆ ಬರಲಿಲ್ಲ. ಅವನ ಮೇಜಿನ ಜಾಗದಲ್ಲಿ ಹೊಸ ಕಪಾಟು ಬಂತು.

ಜನವರಿಯ ನಡುವೆ ಶುರುವಾದ ತಿರುಳುಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ಆ ಬೇಸಿಗೆಯಲ್ಲಿ ಕಂಡ ಏಳು ಹೊಗೆಗಳೂ ಬೆಂಕಿಯಾಗುವ ಮುಂಚೆ ಆರಿದವು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಮೊದಲ ವಾರ ಕಾವಲುಗಾರರು ಸರಾಸರಿ ಮೂರು ನಿಮಿಷ ಮಾತಾಡಿದ್ದರು. ಎಷ್ಟು ಮಾತಾಡಿದರೂ ಕೊನೆಗೆ ಯಂತ್ರ "ಹೊಗೆ ಇಲ್ಲ" ಎಂದಷ್ಟೇ ಓದುವುದನ್ನು ಕೇಳಿ ಕೇಳಿ, ಮೂರನೆಯ ವಾರಕ್ಕೆ ಒಂದು ನಿಮಿಷಕ್ಕೆ ಇಳಿದರು. ಮಾರ್ಚಿಗೆ ಅವರೂ ಯಂತ್ರದಂತೆಯೇ "ಹೊಗೆ ಇಲ್ಲ" ಎಂದು ಫೋನು ಇಡತೊಡಗಿದರು. ಎರಡು ಸೆಕೆಂಡು. ನಿರ್ದೇಶಕರು ಕರೆಗಳ ಅವಧಿ ಇಳಿದದ್ದನ್ನು ತೋರಿಸುವ ಗ್ರಾಫನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಬಾಗಿಲ ಪಕ್ಕ ಅಂಟಿಸಿದರು.

ಇಳಿಯದೆ ಉಳಿದದ್ದು ಒಂದೇ ಗೆರೆ. ಹದಿನೇಳನೆಯ ಪೆಟ್ಟಿಗೆ, ಕಡವೆಬೆಟ್ಟದ ಗೋಪುರ. ದಿನಾ ನಾಲ್ಕು ನಿಮಿಷ.

ಹೇಮಾವತಿಯ ಮನೆ ಕಚೇರಿಯಿಂದ ಹತ್ತು ನಿಮಿಷದ ನಡಿಗೆ. ಎರಡು ಕೋಣೆ, ಒಂದು ಕುರ್ಚಿ, ಊಟಕ್ಕೆ ಒಂದೇ ತಟ್ಟೆ ಹೊರಗಿರುತ್ತಿತ್ತು. ವ್ಯವಸ್ಥೆಯನ್ನು ಪರೀಕ್ಷೆ ಮಾಡಲೆಂದು ತನ್ನ ಸ್ವಂತ ಫೋನನ್ನೂ ಅದಕ್ಕೆ ಜೋಡಿಸಿಕೊಂಡಿದ್ದಳು. ಅವಳಿಗೆ ಕರೆ ಮಾಡುತ್ತಿದ್ದುದು ಹೆಚ್ಚಾಗಿ ದಾವಣಗೆರೆಯ ಅಕ್ಕ ಪ್ರಭಾವತಿ. ಅಕ್ಕನ ಮಾತು ಶುರುವಾದರೆ ನಿಲ್ಲುತ್ತಿರಲಿಲ್ಲ. ಎದುರುಮನೆಯವರ ನಲ್ಲಿ ಜಗಳದಿಂದ ಹಿಡಿದು ಭಾವನ ಷುಗರಿನವರೆಗೆ ಬರುತ್ತಿತ್ತು. ಈಗ ಹೇಮಾವತಿ ಕೆಲಸ ಮುಗಿಸಿ ಬಂದು, ಅನ್ನಕ್ಕೆ ಇಟ್ಟು, ಪರದೆ ನೋಡಿದರೆ ಒಂದು ಸಾಲು ಇರುತ್ತಿತ್ತು: "ಅಕ್ಕ: ಎಲ್ಲರೂ ಸೌಖ್ಯ. ಹದಿನಾಲ್ಕಕ್ಕೆ ಶ್ರುತಿಯ ನಿಶ್ಚಿತಾರ್ಥ." ಅವಳು 'ಆಗಲಿ' ಎಂದು ಒಂದು ಪದ ಬರೆದು ಕಳಿಸುತ್ತಿದ್ದಳು. ಅಕ್ಕನ ಮಗಳ ನಿಶ್ಚಿತಾರ್ಥಕ್ಕೂ ಹೋಗಲಾಗಲಿಲ್ಲ. ಸಮಯ ಉಳಿಯಿತು ಎಂದು ಅನ್ನಿಸಿತ್ತೇ ಹೊರತು, ಉಳಿದ ಸಮಯದಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ.

ಏಪ್ರಿಲ್ ಮೊದಲ ವಾರ ನಿರ್ದೇಶಕರು ಅವಳನ್ನು ಕರೆದರು.

"ಹದಿನೇಳನೇ ಗೋಪುರದ ಬ್ಯಾಟರಿ ಬೇಗ ಖಾಲಿಯಾಗ್ತಿದೆ. ನಿಜವಾಗ್ಲೂ ಬೆಂಕಿ ಬಿದ್ದ ದಿನ ಫೋನೇ ಸತ್ತಿದ್ರೆ? ಹದಿನೈದು ಸೆಕೆಂಡಿಗೆ ಕಟ್ ಆಗೋ ಹಾಗೆ ಮಾಡ್ಬಿಡಿ."

"ಯಾಕೆ ಅಷ್ಟು ಮಾತಾಡ್ತಾರೆ ಅಂತ ಒಂದ್ಸಲ ನೋಡಿ ಮಾಡ್ತೀನಿ ಸರ್," ಎಂದಳು. ಯಂತ್ರ ಏನನ್ನಾದರೂ ತಪ್ಪಾಗಿ ಬಿಡುತ್ತಿದೆಯೇ ಎಂಬುದಷ್ಟೇ ಅವಳ ಅನುಮಾನವಾಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹದಿನೇಳರ ಸಿಪ್ಪೆ ಕಡತ ತೆರೆದು ಹೆಡ್‌ಫೋನು ಹಾಕಿಕೊಂಡಳು. ಕಾವಲುಗಾರನ ಹೆಸರು ಕೇತೇಗೌಡ, ಸೋಲಿಗರವನು, ವಯಸ್ಸು ಐವತ್ತೆಂಟು ಎಂದು ದಾಖಲೆಯಲ್ಲಿತ್ತು. ಮೊದಲು ಗಾಳಿಯ ಸದ್ದು ಬಂತು. ಆಮೇಲೆ ಅವಸರವಿಲ್ಲದ ಒಂದು ದನಿ.

"ಅಂತೋಣಪ್ನೋರೆ, ಊಟ ಆಯ್ತಾ?"

ಆಮೇಲೆ ಮೌನ. ರೆಕಾರ್ಡು ಕೆಟ್ಟಿತೇನೋ ಎಂದು ಹೇಮಾವತಿ ಪರದೆ ನೋಡಿದಳು. ಇಲ್ಲ, ಗಾಳಿ ಕೇಳುತ್ತಲೇ ಇತ್ತು. ಆರು ಸೆಕೆಂಡು ಬಿಟ್ಟು ದನಿ ಮುಂದುವರಿಯಿತು.

"ನಂದೂ ಆಯ್ತು. ಮುದ್ದೆ, ಅಣ್ಣೆಸೊಪ್ಪು. ಇವತ್ತು ಕರಡಿ ಬಂದಿತ್ತು ಕಣಿ, ಮರೀನ ಬೆನ್ ಮ್ಯಾಲೆ ಕೂರಿಸ್ಕಂಡು. ಗೋಪುರದ ಕಾಲಿಗೆ ಬೆನ್ನು ಉಜ್ಜಕ್ ನಿಂತ್ಕತು. ಮ್ಯಾಲೆ ನಾನು ತೊಟ್ಲಲ್ಲಿ ಕೂತಂಗೆ ಅಳ್ಳಾಡ್ತಾ ಇವ್ನಿ. ಕೆಮ್ಮಿದ್ರೆ ಓಡೋಯ್ತದೆ, ಉಜ್ಕಳ್ಳಿ ಪಾಪ ಅಂತ ಸುಮ್ಕಿದ್ದೆ." ಒಬ್ಬನೇ ನಕ್ಕ. ಇನ್ನೊಬ್ಬರು ನಗಲೆಂದು ಬಿಟ್ಟ ಜಾಗದಂತೆ ಮತ್ತೆ ಮೌನ. "ನಿಮ್ಮ ಗಂಟ್ಲು ಹೆಂಗದೆ? ಹೇಳಿ ಅನ್ನಾಗ ಕೆರೀತದೆ. ಒಂದು ತಿಂಗ್ಳಿಂದ ಕೇಳ್ತಾ ಇವ್ನಿ, ಕಮ್ಮೀನೂ ಆಗಿಲ್ಲ, ಜಾಸ್ತೀನೂ ಆಗಿಲ್ಲ. ಅಂಗೆ ಒಂದೇ ಸಮ ಇರಬಾರ್ದು. ಡಾಕ್ಟ್ರಿಗೆ ತೋರಿಸ್ರಿ." ಹನ್ನೊಂದು ಸೆಕೆಂಡು ಮೌನ. "ಆಗ್ಲಿ ಆಗ್ಲಿ. ಹೊಗೆ ಇಲ್ಲ."

ಹೇಮಾವತಿ ಮುಂದಿನ ದಿನದ್ದು ಕೇಳಿದಳು. ಅದರ ಮುಂದಿನದ್ದನ್ನೂ ಕೇಳಿದಳು. ಕೇತೇಗೌಡ ದಿನವೂ ಊಟ ವಿಚಾರಿಸುತ್ತಿದ್ದ, ಉತ್ತರಕ್ಕೆ ಕಾಯುತ್ತಿದ್ದ. ಒಂದು ದಿನ ಅವನೇ ಕಾರಣ ಹೇಳಿದ್ದ: "ರೇಷನ್ ಜೀಪ್ನೋನು ಹೇಳ್ದ. ನೀವು ವಾಪಸ್ ಮಾತಾಡ್ಬಾರ್ದು ಅಂತ ಆರ್ಡರ್ ಆಗದಂತೆ. ಆಗ್ಲಿ ಬುಡಿ. ಕೇಳಿಸ್ಕತ್ತೀರಲ್ಲ."

ಮೂವತ್ತು ದಿನ ಕೇಳಿ ಮುಗಿಸಿದಾಗ ಊಟಕ್ಕೆ ಹೋದವರೆಲ್ಲ ವಾಪಸ್ಸು ಬಂದು ಕೆಲಸ ಮಾಡುತ್ತಿದ್ದರು. ಅದಕ್ಕೂ ಹಿಂದಿನ ದಿನಗಳು ಅಳಿಸಿಹೋಗಿದ್ದವು. ಆ ಮನುಷ್ಯ ಎರಡೂವರೆ ತಿಂಗಳಿಂದ ಯಾರೂ ಇಲ್ಲದ ಲೈನಿನ ಜೊತೆ ಮಾತಾಡುತ್ತಿದ್ದಾನೆ. ಗಂಟಲು ಒಂದೇ ಸಮ ಇರಬಾರದೆಂದು ಅವನು ಬೆಟ್ಟದ ಮೇಲೆ ಕೂತು ಕಂಡುಕೊಂಡ. ಅದೇ ಗಂಟಲನ್ನು ಪಕ್ಕದಲ್ಲಿ ನಿಂತು ರೆಕಾರ್ಡು ಮಾಡಿದವಳು ತಾನು.

ಅಂತೋಣಪ್ಪನ ಮನೆ ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಹೆಂಡತಿ ತೀರಿ ವರ್ಷಗಳಾಗಿದ್ದವು. ಪಕ್ಕದ ಮನೆಯಲ್ಲಿದ್ದ ಅವನ ತಂಗಿ ಗಂಜಿ ತಂದುಕೊಡುತ್ತಿದ್ದಳು. ಬಾಗಿಲು ತೆರೆದವನ ಕತ್ತಿಗೆ ಬಿಳಿ ಬಟ್ಟೆ ಕಟ್ಟಿತ್ತು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಉಸಿರು ಬಟ್ಟೆಯ ಹಿಂದಿನ ತೂತಿನಿಂದ ಸುಯ್ಯೆಂದು ಬಂದು ಹೋಗುತ್ತಿತ್ತು. ಅವಳನ್ನು ಕಂಡು ಅವನು ಖುಷಿಯಿಂದ ನೋಟ್‌ಬುಕ್ಕು ತಂದು ಬರೆದ: 'ಕೂತ್ಕೊಳ್ಳಿ ಮೇಡಂ. ಮಿಷನ್ನು ಹೇಗಿದೆ?'

ಅವಳು ಸ್ಪೀಕರು ಮೇಜಿನ ಮೇಲಿಟ್ಟು, ತಂದಿದ್ದ ರೆಕಾರ್ಡು ಹಚ್ಚಿದಳು.

'ಅಂತೋಣಪ್ನೋರೆ, ಊಟ ಆಯ್ತಾ?' ಎಂದು ಕೇತೇಗೌಡನ ದನಿ ಕೇಳಿದ್ದೇ ಅಂತೋಣಪ್ಪ ನೆಟ್ಟಗೆ ಕೂತ. ಆ ಆರು ಸೆಕೆಂಡಿನ ಮೌನದಲ್ಲಿ ಅವನ ತುಟಿ ಆಡಿತು. ಆಯ್ತು ಕೇತೇಗೌಡ್ರೆ, ನಿಮ್ದು? ಸದ್ದಿಲ್ಲ, ತುಟಿ ಮಾತ್ರ. ಅವನ ತುಟಿ ನಿಲ್ಲುವುದಕ್ಕೂ ಸ್ಪೀಕರಿನಲ್ಲಿ 'ನಂದೂ ಆಯ್ತು' ಎಂದು ಬರುವುದಕ್ಕೂ ಸರಿಹೋಯಿತು. ಕರಡಿಯ ಮಾತಿಗೆ ಅವನ ಭುಜ ಕುಲುಕಿತು. ಗಂಟಲಿನ ಪ್ರಶ್ನೆ ಬಂದಾಗ ಮಾತ್ರ ತುಟಿ ಆಡಲಿಲ್ಲ. ಹನ್ನೊಂದು ಸೆಕೆಂಡೂ ಹಾಗೇ ಕೂತಿದ್ದ.

ಅವತ್ತು ಅವರಿಬ್ಬರೂ ಎಂಟು ದಿನದ್ದು ಕೇಳಿದರು. ಕೊನೆಗೆ ಹೇಮಾವತಿ ಮೆಲ್ಲಗೆ ಹೇಳಿದಳು, "ಹಳೇ ರೆಕಾರ್ಡುಗಳಲ್ಲಿ ನಿಮ್ಮ ಧ್ವನಿ ಸಾಕಷ್ಟಿದೆ. ನೀವು ಬರೆದ್ರೆ ಯಂತ್ರ ನಿಮ್ಮ ಧ್ವನಿಯಲ್ಲೇ ಹೇಳೋ ಹಾಗೆ ಮಾಡಬಹುದು. ಅರ್ಧ ದಿನದ ಕೆಲಸ. ನಾಳೆ ಅವರು ಕರೆ ಮಾಡಿದಾಗ ನಿಮ್ಮ ಉತ್ತರ ಕೇಳಿಸುತ್ತೆ."

ಅಂತೋಣಪ್ಪ ನೋಟ್‌ಬುಕ್ಕು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಬರೆದ: 'ಬೇಡ. ಎರಡನೇ ದಿನ ಗೊತ್ತಾಗುತ್ತೆ ಅವರಿಗೆ. ಸುಳ್ಳು ಹೇಳಿದ ಹಾಗೆ ಆಗುತ್ತೆ. ನಾನು ಬರೆದುಕೊಡ್ತೀನಿ, ನೀವೇ ನಿಮ್ಮ ಧ್ವನೀಲಿ ಓದಿ.'

ಮರುದಿನ ನಾಲ್ಕಕ್ಕೆ ಮುಂಚೆ ಅವಳು ಹದಿನೇಳನೆಯ ಪೆಟ್ಟಿಗೆಯ ಸ್ವಾಗತ ತೆಗೆದು ಅದರ ಜಾಗದಲ್ಲಿ ಅಂತೋಣಪ್ಪ ಬರೆದುಕೊಟ್ಟ ಚೀಟಿಯನ್ನು ಓದಿ ತುಂಬಿಸಿದಳು. "ಕೇತೇಗೌಡ್ರೆ, ನಾನು ಆಫೀಸಿನ ಹೇಮಾವತಿ. ಇದು ಅಂತೋಣಪ್ಪನವರು ಬರೆದದ್ದು: ನನ್ನ ಗಂಟಲು ಆಪರೇಷನ್ ಆಯ್ತು. ಮಾತು ಹೋಗಿದೆ. ನಿಮ್ಮ ಕರಡಿ ಸಮಾಚಾರ ಕೇಳಿದೆ. ಊಟ ಆಯ್ತು."

ಕರೆ ಬಂತು. ಚೀಟಿಯ ಮಾತು ಮುಗಿದ ಮೇಲೆ ನಲವತ್ತು ಸೆಕೆಂಡು ಬರೀ ಗಾಳಿ. ಆಮೇಲೆ ಕೇತೇಗೌಡ "ಹೊಗೆ ಇಲ್ಲ" ಎಂದು ಇಟ್ಟುಬಿಟ್ಟ.

ಮಾರನೆಯ ದಿನ ಎರಡೇ ಸೆಕೆಂಡು. ಅದರ ಮಾರನೆಯ ದಿನವೂ ಅಷ್ಟೇ. ಅವಳು ಎರಡನೆಯ ಚೀಟಿ ಓದಿದಳು, ಮೂರನೆಯದನ್ನೂ ಓದಿದಳು. "ಹೊಗೆ ಇಲ್ಲ." ನಿರ್ದೇಶಕರು ಗ್ರಾಫು ನೋಡಿ ಮೆಚ್ಚಿದರು. "ಕಟ್ ಮಾಡೋದೇ ಬೇಕಾಗ್ಲಿಲ್ಲ ನೋಡಿ. ಏನು ಮಾಡಿದ್ರಿ?"

"ಏನೂ ಇಲ್ಲ ಸರ್. ನಿಜ ಹೇಳಿದೆ," ಎಂದಳು.

ಆ ವಾರವೇ ಒಂದು ಸಂಜೆ ಅವಳು ಮನೆಯಲ್ಲಿ ತನ್ನ ಫೋನಿನ ಸಿಪ್ಪೆ ಕಡತ ತೆರೆದಳು. ಇಷ್ಟು ದಿನ ಅದನ್ನು ನೋಡಬೇಕೆಂದೇ ಹೊಳೆದಿರಲಿಲ್ಲ. ಅಕ್ಕನ ಉದ್ದುದ್ದ ಕರೆಗಳೆಲ್ಲ ಜನವರಿ, ಫೆಬ್ರವರಿಯವು, ಯಾವತ್ತೋ ಅಳಿಸಿಹೋಗಿದ್ದವು. ಈ ಮೂವತ್ತು ದಿನದಲ್ಲಿ ಇದ್ದದ್ದು ಒಂದೇ ಒಂದು ತುಣುಕು. "ಹೇಮಾ, ನಿಶ್ಚಿತಾರ್ಥ ಚಲೋ ಆತು. ನಿನಗ ಅಂತ ಸೀರಿ ತಗದಿಟ್ಟೀನಿ, ಬಣ್ಣ ಏನಪ್ಪಾ ಅಂದ್ರ..." ಎಂದು ಶುರುವಾದ ಮಾತು ಅಲ್ಲೇ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಹೋಗ್ಲಿ ಬಿಡು. ಇದು ಅದನ್ನೆಲ್ಲ ಬರ್ಕಣಲ್ಲ." ಫೋನು ಇಟ್ಟ ಸದ್ದು.

ಸೀರೆಯ ಬಣ್ಣ ಯಾವುದೆಂದು ತಿಳಿಯಲಿಲ್ಲ. ಆ ತುಣುಕನ್ನು ಅಳಿಸದಂತೆ ಬೇರೆ ಕಡೆ ತೆಗೆದಿಟ್ಟಳು. ಅವತ್ತು ಅಕ್ಕನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ.

ಒಂಬತ್ತು ದಿನ ಹೀಗೇ ಕಳೆದ ಮೇಲೆ ಅವಳು ಅಂತೋಣಪ್ಪನ ಬಳಿ ಹೋಗಿ, "ನಾಳೆ ಕಡವೆಬೆಟ್ಟಕ್ಕೆ ರೇಷನ್ ಜೀಪು ಹೋಗುತ್ತೆ. ಬರ್ತೀರಾ?" ಎಂದಳು. ಅವನು ನೋಟ್‌ಬುಕ್ಕಿನ ಕಡೆ ಕೈ ಹಾಕಲೂ ಇಲ್ಲ; ಎದ್ದು ಹೋಗಿ ಚಪ್ಪಲಿ ಒರೆಸತೊಡಗಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಗೋಪುರವನ್ನೂ ಕಂಡಿರಲಿಲ್ಲ.

ಜೀಪು ಮೂರು ಗಂಟೆ ಹತ್ತಿತು. ಕೊನೆಯ ಅರ್ಧ ಮೈಲಿ ನಡೆಯಬೇಕಿತ್ತು. ಅಂತೋಣಪ್ಪ ಹತ್ತು ಹೆಜ್ಜೆಗೊಮ್ಮೆ ನಿಂತು ಕತ್ತಿನ ಬಟ್ಟೆ ಹಿಡಿದುಕೊಂಡು ಉಸಿರೆಳೆದ. ಗೋಪುರದ ಕೆಳಗೆ ಕುಳ್ಳನೆಯ, ಬೆಳ್ಳಗೆ ತಲೆ ನರೆತ ಮನುಷ್ಯನೊಬ್ಬ ಬಿದಿರು ಸೀಳುತ್ತಿದ್ದ. ಬಂದವರನ್ನು ನೋಡಿ ಕತ್ತಿ ಕೆಳಗಿಟ್ಟು ಎದ್ದ.

"ನಾನು ಹೇಮಾವತಿ. ಫೋನಲ್ಲಿ ಓದಿದವಳು," ಎಂದಳು. "ಇವರು ಅಂತೋಣಪ್ಪನವರು."

ಕೇತೇಗೌಡ ಅವಳ ಮಾತು ಕೇಳಿಸದವನಂತೆ ನಿಂತ. ಅಂತೋಣಪ್ಪನ ಮುಖ ನೋಡಿದ, ಕತ್ತಿನ ಬಟ್ಟೆ ನೋಡಿದ. ಹತ್ತಿರ ಬಂದು ಅವನ ಮೊಣಕೈಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ.

"ಇದ್ದೀರಾ?" ಎಂದ.

ಅಂತೋಣಪ್ಪ ತಲೆಯಾಡಿಸಿದ.

"ನಮ್ಮಪ್ಪಂಗೆ ಮಾತು ಹೋದ ಮೂರ್ನೇ ದಿನ ಜೀವ ಹೋಯ್ತು," ಎಂದು ಕೇತೇಗೌಡ ಹೇಮಾವತಿಯ ಕಡೆ ತಿರುಗಿ ಹೇಳಿದ. "ನೀವು ಬೇರೆ ಬಾಯಲ್ಲಿ ಕಾಗ್ದ ಓದುದ್ರಿ. ಮಾತು ಹೋಗದೆ ಅಂದ್ರಿ. ಸರಿ, ಮನುಷ್ಯ ಹೋಗ್ಬುಟ್ರು, ಬರ್ದಿಟ್ಟಿದ್ ಕಾಗ್ದ ಮಾತ್ರ ಉಳ್ದದೆ, ಪಾಪ ಈಯಮ್ಮ ಓದ್ತಾವ್ಳೆ ಅಂದ್ಕಂಡೆ. ಹೋದೋರ ತಾವ ಕರಡಿ ಮಾತು ಏನಂತ ಹೇಳಾದು? ಮೂರು ದಿನ ನಾನು ಒಲೆ ಹಚ್ಚಿಲ್ಲ ಕಣವ್ವ."

ಹೇಮಾವತಿಗೆ ಕಣ್ಣು ತುಂಬಿ ಬಂತು. ಅವಳು ಓದಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕೇಳಿದವನಿಗೆ ಅದು ಹೇಗೆ ಮುಟ್ಟಿತೆಂದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಗಂಡಸರಿಬ್ಬರೂ ಬಂಡೆಯ ಮೇಲೆ ಕೂತರು. ಅಂತೋಣಪ್ಪ ನೋಟ್‌ಬುಕ್ಕು ತೆಗೆದ. ಕೇತೇಗೌಡ ಕೈಯಾಡಿಸಿ, "ನಂಗೆ ಓದಕ್ ಬರಲ್ಲ, ಮಡಿಕಳಿ ಅದ" ಎಂದ. ಓದಿ ಹೇಳೋಣವೆಂದು ಹೇಮಾವತಿ ಮುಂದಕ್ಕೆ ಬಂದಳು. ಅಷ್ಟರಲ್ಲಿ ಕೇತೇಗೌಡ ಕರಡಿ ಬೆನ್ನುಜ್ಜಿದ ಜಾಗ ತೋರಿಸುತ್ತಿದ್ದ, ಅಂತೋಣಪ್ಪ ಎಷ್ಟೆತ್ತರ ಎಂದು ಕೈಯಲ್ಲೇ ಕೇಳುತ್ತಿದ್ದ, ಕೇತೇಗೌಡ ಅದಕ್ಕೆ ಉತ್ತರ ಹೇಳುತ್ತಿದ್ದ. ಮಾತಿನ ನಡುವೆ ಕೇತೇಗೌಡ ನಿಲ್ಲಿಸುತ್ತಿದ್ದ; ಅಂತೋಣಪ್ಪನ ತುಟಿಯೋ ಹುಬ್ಬೋ ಆಡುತ್ತಿತ್ತು; ಮಾತು ಮುಂದಕ್ಕೆ ಹೋಗುತ್ತಿತ್ತು. ಅವಳು ಮಾಡಬೇಕಾದ ಕೆಲಸ ಅಲ್ಲಿ ಯಾವುದೂ ಇರಲಿಲ್ಲ. ಹೋಗಿ ಜೀಪಿನಿಂದ ಬಂದ ಅಕ್ಕಿ ಚೀಲದ ಪಕ್ಕ ನೆರಳಲ್ಲಿ ಕೂತಳು.

ಹೊರಡುವಾಗ ಅಂತೋಣಪ್ಪ ಅವಳ ಕೈಗೆ ನೋಟ್‌ಬುಕ್ಕು ಕೊಟ್ಟ. 'ಅವರ ಲೈನು ನಮ್ಮ ಮನೆ ಫೋನಿಗೆ ಬರೋ ಹಾಗೆ ಮಾಡಕ್ಕಾಗುತ್ತಾ? ನಾನು ಉಗುರಲ್ಲಿ ಫೋನಿನ ಮೇಲೆ ತಟ್ತೀನಿ. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ನಗು ಬಂದ್ರೆ ತುಂಬ.'

ಆಗುತ್ತಿತ್ತು. ಊರಿಗೆ ಬಂದ ಮಾರನೆಯ ದಿನವೇ ಮಾಡಿದಳು. ಕೇತೇಗೌಡ ಮೊದಲು "ಹೊಗೆ ಇಲ್ಲ" ಎನ್ನಬೇಕು. ಅದು ನಕ್ಷೆಗೆ ಹೋಗುತ್ತದೆ. ಆಮೇಲೆ ಲೈನು ನೇರ ಚರ್ಚಿನ ಹಿಂದಿನ ಮನೆಗೆ ತಿರುಗುತ್ತದೆ. ಜೀಪಿನಲ್ಲಿ ಇನ್ನೊಂದು ಬ್ಯಾಟರಿ ಕಳಿಸಿಕೊಟ್ಟಳು. ನಿರ್ದೇಶಕರಿಗೆ 'ಲೈನು ಪರೀಕ್ಷೆ' ಎಂದು ಬರೆದುಕೊಟ್ಟಳು. ಆ ಭಾಗದ ಮಾತು ಎಲ್ಲೂ ರೆಕಾರ್ಡಾಗದಂತೆ ತಾನೇ ಕೈಯಾರೆ ಮುಚ್ಚಿದಳು. ಸಂಜೆ ನಾಲ್ಕಕ್ಕೆ ಹದಿನೇಳನೆಯ ದೀಪ ಹಸಿರಾಯಿತು, ಎರಡು ಸೆಕೆಂಡಿಗೆ ನಕ್ಷೆ ತುಂಬಿತು, ದೀಪ ಮಾತ್ರ ಉರಿಯುತ್ತಲೇ ಇತ್ತು. ಒಳಗೆ ಏನು ನಡೆಯುತ್ತಿದೆಯೋ ಅವಳಿಗೆ ಕೇಳುವಂತಿರಲಿಲ್ಲ. ಆರಿದಾಗ ಗಡಿಯಾರ ನೋಡಿದಳು. ಹನ್ನೆರಡು ನಿಮಿಷ.

ಭಾನುವಾರ ಬೆಳಿಗ್ಗೆ ತನ್ನ ಫೋನನ್ನು ತಿರುಳುಪೆಟ್ಟಿಗೆಯಿಂದ ಬಿಡಿಸಿ, ಅಕ್ಕನಿಗೆ ಕರೆ ಮಾಡಿದಳು. ನಾಲ್ಕನೆಯ ರಿಂಗಿಗೆ ಅಕ್ಕ ಎತ್ತಿಕೊಂಡಳು.

"ಹೇಮಾ? ಏನು ವಿಷಯ?"

"ವಿಷಯ ಏನಿಲ್ಲಕ್ಕ."

"ಏನಿಲ್ಲ ಅಂದ್ರ? ಆರಾಮಿದ್ದೀಯಿಲ್ಲೋ?"

"ಆರಾಮಿದ್ದೀನಿ. ಸುಮ್ನೆ ಮಾಡ್ದೆ."

ಸುಮ್ಮನೆ ಮಾಡಿದ ಫೋನಿಗೆ ಏನು ಹೇಳಬೇಕೆಂದು ಅಕ್ಕನಿಗೂ ಮರೆತುಹೋದಂತಿತ್ತು. ಹೇಮಾವತಿ ಮಾತಿಗೆ ತಡಕಾಡಿದಳು. ಬೆಟ್ಟದಲ್ಲಿ ಕರಡಿ ಗೋಪುರಕ್ಕೆ ಬೆನ್ನು ಉಜ್ಜಿತಂತೆ ಎನ್ನಬೇಕೆಂದಿದ್ದಳು. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ.

"ಅಕ್ಕ, ಆ ಸೀರೆ ಯಾವ ಬಣ್ಣ?"

"ಯಾವ ಸೀರಿ? ಓ, ಅದಾ... ತಡೀ, ಹಾಲು ಉಕ್ಕಾಕತ್ತೈತಿ, ಬಂದೆ."

ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟ ಸದ್ದಾಯಿತು. ಪಾತ್ರೆ ಇಳಿಸಿದ್ದು, ನಲ್ಲಿ ಬಿಟ್ಟದ್ದು ಕೇಳಿತು. ಭಾವ ಒಳಗಿನಿಂದ ಚಹಾ ಆಯಿತೇ ಎಂದು ಕೂಗಿದ. ಯಾರೋ ಬಾಗಿಲು ಬಡಿದರು, ಸೊಪ್ಪಿನವಳಿರಬೇಕು, ಅಕ್ಕ ಹೊರಗೆ ಹೋಗಿ ಮೆಂತ್ಯ ಎಳೆಯದಾಗಿದೆಯೇ ಎಂದು ವಿಚಾರಿಸಿದಳು. ಐದು ನಿಮಿಷವಾಯಿತು, ಹತ್ತಾಯಿತು. ಅಕ್ಕ ಫೋನಿನ ವಿಷಯವನ್ನೇ ಮರೆತಿದ್ದಳು.

ಹೇಮಾವತಿ ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ಕೂತಿದ್ದಳು.